ಹೊಸ ಶೇರು ಅಗ್ಗವೇಕೆ?

ಹೊಸ ಕಂಪೆನಿಯ ಶೇರಿಗೆ ಅರ್ಜಿ ಹಾಕಿದರೆ ವಾರದಲ್ಲೇ ಹಣ ದುಪ್ಪಟ್ಟಾಗುತ್ತದೆ ಎಂಬ ಮಾತು ಈಗ ಅಡುಗೆಮನೆಯವರೆಗೂ ತಲುಪಿದೆ. ಮಗಳ ಓದಿಗೆಂದು ಕೂಡಿಟ್ಟ ಹಣವನ್ನು ಪತಿಯೋ ಮಗನೋ ಇದಕ್ಕಾಗಿ ಕೇಳಿದರೆ ಗೃಹಿಣಿ ಏನು ಹೇಳಬೇಕು?

ಆ ಮಾತು ಪೂರ್ತಿ ಸುಳ್ಳಲ್ಲ. 2019ರ ಅಕ್ಟೋಬರ್‌ನಲ್ಲಿ ರೈಲು ಟಿಕೆಟ್ ಮಾರುವ ಸರಕಾರಿ ಕಂಪೆನಿ ಐಆರ್‌ಸಿಟಿಸಿಯ ಶೇರನ್ನು 320 ರೂಪಾಯಿಗೆ ನೀಡಲಾಯಿತು. ಮುಂಬಯಿ ಶೇರುಪೇಟೆಯಲ್ಲಿ ಮೊದಲ ದಿನ ಅದರ ವಹಿವಾಟು ಆರಂಭವಾದದ್ದೇ 644 ರೂಪಾಯಿಗೆ! ಹಾಗಾದರೆ ಸರಕಾರ ಅದನ್ನು ಅರ್ಧ ಬೆಲೆಗೆ ಮಾರಿದ್ದೇಕೆ?

ಮೊದಲ ಕಾರಣ ಭಯ. ಪೇಟೆಗೆ ಬರುವ ಮುನ್ನ ಶೇರಿನ ನಿಜ ಬೆಲೆ ಯಾರಿಗೂ ಖಚಿತವಾಗಿ ತಿಳಿದಿರುವುದಿಲ್ಲ. ನಮ್ಮ ದೇಶದ ನಿಯಮದಂತೆ ಶೇಕಡಾ 90ರಷ್ಟು ಶೇರುಗಳಿಗಾದರೂ ಅರ್ಜಿ ಬಾರದಿದ್ದರೆ ಎಲ್ಲರ ಹಣವನ್ನೂ ಹಿಂದಿರುಗಿಸಬೇಕು. ಆ ಅವಮಾನಕ್ಕಿಂತ ಬೆಲೆ ತುಸು ಇಳಿಸುವುದೇ ಲೇಸೆಂದು ಕಂಪೆನಿ ಮತ್ತು ಅದರ ಬ್ಯಾಂಕರ್‌ಗಳು ಭಾವಿಸುತ್ತಾರೆ.

ಎರಡನೆಯದನ್ನು ಅರ್ಥಶಾಸ್ತ್ರಜ್ಞ ಕೆವಿನ್ ರಾಕ್ 1986ರಲ್ಲಿ ವಿವರಿಸಿದರು. ಸಂತೆಯಲ್ಲಿ ಮಾವಿನ ಹಣ್ಣನ್ನು ಬಲ್ಲವರು ಒಳ್ಳೆಯ ಬುಟ್ಟಿಗೆ ಮುಗಿಬೀಳುತ್ತಾರೆ. ಅರಿಯದವರಿಗೆ ಅದರಲ್ಲಿ ಒಂದೆರಡು ಹಣ್ಣು ಸಿಕ್ಕರೆ ಹೆಚ್ಚು. ಹುಳುಕು ಬುಟ್ಟಿಯ ಹತ್ತಿರ ಬಲ್ಲವರು ಸುಳಿಯುವುದೇ ಇಲ್ಲ. ಅದು ಇಡಿಯಾಗಿ ಅರಿಯದವರ ಪಾಲಾಗುತ್ತದೆ. ಹೀಗೇ ನಡೆದರೆ ಅರಿಯದವರು ಸಂತೆಗೆ ಬರುವುದನ್ನೇ ಬಿಡುತ್ತಾರೆ. ಆದರೆ ಎಲ್ಲ ಬುಟ್ಟಿ ಖಾಲಿಯಾಗಲು ಅವರೂ ಬೇಕು. ಅವರನ್ನು ಉಳಿಸಿಕೊಳ್ಳಲೆಂದೇ ಒಟ್ಟಾರೆ ಬೆಲೆ ಇಳಿಸಬೇಕಾಗುತ್ತದೆ.

ಅಂದರೆ ಈ ಅಗ್ಗದ ಬೆಲೆ ಉಡುಗೊರೆಯಲ್ಲ, ಅಪಾಯಕ್ಕೆ ಕೊಡುವ ಪರಿಹಾರ. ಐಆರ್‌ಸಿಟಿಸಿಗೆ ನೀಡಿಕೆಯ ಸುಮಾರು 112 ಪಟ್ಟು ಬೇಡಿಕೆ ಬಂದಿತ್ತು. ಅರ್ಜಿ ಹಾಕಿದ ಬಹುತೇಕರು ಬರಿಗೈಯಲ್ಲಿ ಮರಳಿದರು. 2021ರ ನವೆಂಬರ್‌ನಲ್ಲಿ ಬಂದ ಪೇಟಿಎಂಗೆ ಎರಡು ಪಟ್ಟು ಬೇಡಿಕೆಯೂ ಇರಲಿಲ್ಲ. ಆದ್ದರಿಂದ ಶೇರು ಸುಲಭವಾಗಿ ಸಿಕ್ಕಿತು. 2,150 ರೂಪಾಯಿಗೆ ಪಡೆದ ಶೇರು ಮೊದಲ ದಿನವೇ ಸುಮಾರು ಶೇಕಡಾ 27ರಷ್ಟು ಕುಸಿಯಿತು.

ಸರಾಸರಿ ಲಾಭದ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಆದರೆ ನಮ್ಮ ಕೈಗೆ ಬರುವುದು ಸರಾಸರಿಯಲ್ಲ. ಒಳ್ಳೆಯದರಲ್ಲಿ ಚೂರು, ಕೆಟ್ಟದ್ದರಲ್ಲಿ ಪೂರ್ತಿ. ಹಾಗಾಗಿ ಸಹೋದರಿಯರೇ, ಮನೆಯಲ್ಲಿ ಈ ಮಾತು ಬಂದಾಗ "ಎಷ್ಟು ಲಾಭ?" ಎಂದು ಕೇಳುವ ಮೊದಲು "ಇದು ಇಷ್ಟು ಸುಲಭವಾಗಿ ನಮಗೇ ಏಕೆ ಸಿಗುತ್ತಿದೆ?" ಎಂದು ಕೇಳಿ. ಕಳೆದುಕೊಂಡರೆ ಮನೆ ನಡೆಯದು ಎನ್ನುವಂಥ ಹಣವನ್ನಂತೂ ಅತ್ತ ಕಳುಹಿಸಲೇಬೇಡಿ.