ಹೊಸ್ತಿಲ ಮೇಲಿನ ಒಡಪು

ಮದುವೆಯ ದಿಬ್ಬಣ ಮನೆ ಸೇರಿದೆ. ಮದುಮಗಳು ಗಂಡನ ಮನೆಯ ಹೊಸ್ತಿಲಿನೆದುರು ನಿಂತಿದ್ದಾಳೆ. ನಾದಿನಿಯರು ಬಾಗಿಲಿಗೆ ಅಡ್ಡಗಟ್ಟಿ ನಗುತ್ತಿದ್ದಾರೆ. “ಒಡಪ ಹೇಳ್ರಿ ವೈನಿ, ಆಮ್ಯಾಲ ಒಳಗ ಬರ್ರಿ!” ಪ್ರಾಸಬದ್ಧವಾದ ಸಾಲುಗಳಲ್ಲಿ ಗಂಡನ ಹೆಸರನ್ನು ಜಾಣ್ಮೆಯಿಂದ ಹೆಣೆದು ಹೇಳಿದ ಹೊರತು ಆಕೆಗೆ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಗಂಡನ ಹೆಸರೆತ್ತಬಾರದೆಂಬುದು ಹಳೆಯ ಸಂಪ್ರದಾಯ; ಈ ಒಂದು ಗಳಿಗೆಯಲ್ಲಿ ಮಾತ್ರ ಹೆಸರೇ ಬಾಗಿಲಿನ ಕೀಲಿಕೈ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕನ್ನಡದ ಮನೆಗಳು ಇದನ್ನು ಒಡಪು ಎನ್ನುತ್ತವೆ. ಮರಾಠಿಯ ಮನೆಗಳು ಉಖಾಣಾ ಎನ್ನುತ್ತವೆ.

ಸರಿಯಾದ ಮಾತಾಡಿದರೆ ಬಾಗಿಲು ತೆರೆಯಬೇಕು ಎಂಬ ಇದೇ ನಿಯಮದ ಮೇಲೆ ಗಣಕಯಂತ್ರದಲ್ಲಿಯೂ ಆಟಗಳು ಹುಟ್ಟಿವೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅಮೆರಿಕೆಯ ವಿಲಿಯಂ ಕ್ರೌಥರ್ ಗವಿಗಳನ್ನು ಹೊಕ್ಕು ನೋಡುವ ಹವ್ಯಾಸಿ. ಕೆಂಟಕಿ ಪ್ರಾಂತದ ಗವಿಯೊಂದನ್ನು ಆಧರಿಸಿ, ತನ್ನ ಹೆಣ್ಣುಮಕ್ಕಳೂ ಆಡಲೆಂದು ಆತ 1976ರ ಸುಮಾರಿಗೆ ಒಂದು ಆಟವನ್ನು ರಚಿಸಿದ. ಡಾನ್ ವುಡ್ಸ್ ಎಂಬಾತ 1977ರಲ್ಲಿ ಅದನ್ನು ವಿಸ್ತರಿಸಿದ. ಅದರಲ್ಲಿ ಚಿತ್ರವಿಲ್ಲ, ಗುಂಡಿನ ಸದ್ದಿಲ್ಲ. ‘ದೀಪ ತೆಗೆದುಕೋ’, ‘ಬಾಗಿಲು ತೆರೆ’ ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರಾಯಿತು; ಯಂತ್ರ ಮುಂದಿನ ಸಂಗತಿಯನ್ನು ಬರೆದು ತೋರಿಸುತ್ತದೆ.

ಆ ಪರಂಪರೆಯ ಅತ್ಯಂತ ಚಮತ್ಕಾರದ ಕೃತಿಗಳಲ್ಲೊಂದು, ಎಮಿಲಿ ಶಾರ್ಟ್ ಎಂಬ ಲೇಖಕಿ 2012ರಲ್ಲಿ ಪ್ರಕಟಿಸಿದ ‘ಕೌಂಟರ್‌ಫಿಟ್ ಮಂಕಿ’. ಇಲ್ಲಿ ಆಟಗಾರನ ಕೈಯಲ್ಲಿ ಅಕ್ಷರ ಕಳಚುವ ಉಪಕರಣವೊಂದಿದೆ. ವಸ್ತುವಿನ ಹೆಸರಿನಿಂದ ಒಂದಕ್ಷರ ತೆಗೆದೊಡನೆ, ಉಳಿದ ಅಕ್ಷರಗಳು ಯಾವುದನ್ನು ಸೂಚಿಸುವವೋ ಆ ವಸ್ತುವೇ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಮಕ್ಕಳಿಗೆ ಇದು ಹೊಸತಲ್ಲ. ‘ನಗರ’ದ ಕೊನೆ ಕಳೆದರೆ ಕೊರಳಿಗೆ ನಗ, ನಡು ಕಳೆದರೆ ನರ, ಮೊದಲು ಕಳೆದರೆ ಗರ! ‘ಕೊಡಲಿ’ಯ ಕೊನೆ ಕಳೆದರೆ ನೀರು ತರುವ ಕೊಡ.

ಆದರೆ ಯಂತ್ರಕ್ಕೆ ಈ ಲೆಕ್ಕ ಸುಲಭವಲ್ಲ. ಇಂಗ್ಲಿಷಿನಲ್ಲಿ ಕಣ್ಣಿಗೆ ಕಾಣುವ ಅಕ್ಷರವೊಂದಾದರೆ ಯಂತ್ರಕ್ಕೂ ಒಂದೇ. ಕನ್ನಡದ ಮಾತು ಬೇರೆ. ‘ನಿಪ್ಪಾಣಿ’ ಓದುಗರಿಗೆ ಮೂರಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಿನ ಗುರುತು ಎಲ್ಲ ಸೇರಿ ಎಂಟು ಸಂಕೇತ. ‘ಅಥಣಿ’ಯೂ ಮೂರಕ್ಷರವೇ; ಅದಕ್ಕೆ ನಾಲ್ಕೇ ಸಾಕು. ಒತ್ತಿನ ಗುರುತೊಂದನ್ನು ಯಂತ್ರ ಕಿತ್ತಿತೋ, ನಿಪ್ಪಾಣಿ ‘ನಿಪಪಾಣಿ’ಯಾಗಿ ನಿಂತೀತು! ಕನ್ನಡದಲ್ಲಿ ಇಂಥ ಆಟ ಕಟ್ಟುವವರು ಸಂಕೇತಗಳನ್ನಲ್ಲ, ಅಕ್ಷರಗಳನ್ನು ಎಣಿಸಲು ಯಂತ್ರಕ್ಕೆ ಮೊದಲು ಕಲಿಸಬೇಕು.

ಇದಕ್ಕಿಂತ ಹಿರಿದಾದ ತೊಡಕು ಇನ್ನೊಂದಿದೆ. ಇಂಥ ಆಟಗಳಿಗೆ, ರಚಿಸಿದವರು ಕಲಿಸಿದ ಪದಗಳಷ್ಟೇ ಗೊತ್ತು. ಮೈಸೂರು ಸೀಮೆಯವನೊಬ್ಬ ಆಟ ಕಟ್ಟಿ ಅದಕ್ಕೆ ‘ಬೀಗ’ವನ್ನಷ್ಟೇ ಕಲಿಸಿದನೆನ್ನೋಣ. ರಾಯಬಾಗದ ಹುಡುಗಿ ಮನೆಯ ರೂಢಿಯಂತೆ ‘ಕೀಲಿ ತೆಗಿ’ ಎಂದು ಬರೆಯುತ್ತಾಳೆ. ಯಂತ್ರದ ಉತ್ತರ, ‘ಅರ್ಥವಾಗಲಿಲ್ಲ.’ ತಪ್ಪಿಲ್ಲದ ಕನ್ನಡವಾಡಿಯೂ ಆಕೆ ಹೊರಗೇ ನಿಲ್ಲಬೇಕು. ಮರಾಠಿಯ ‘ಕುಲೂಪ’ ಎಂದವರ ಗತಿ ಹೇಳಬೇಕಾದುದೇ ಇಲ್ಲ.

ಈ ನಾಡಿನ ಬದುಕು ಹಾಗೆ ನಡೆದುದಲ್ಲ. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಊರುಗಳ ಸಂತೆಗಳಲ್ಲಿ ಎರಡೂ ನುಡಿಗಳು ಬೆರೆತೇ ವ್ಯಾಪಾರ ಸಾಗುತ್ತದೆ. ಹೊಸ್ತಿಲ ಮೇಲೆ ಮದುಮಗಳು ತಡವರಿಸಿದರೆ ಹಿಂದಿನಿಂದ ಹಿರಿಯಳೊಬ್ಬಳು ಕಿವಿಯಲ್ಲಿ ಮುಂದಿನ ಪದವನ್ನು ಉಸುರುತ್ತಾಳೆ. ಬಾಗಿಲಲ್ಲಿ ನಿಂತವರಿಗೆ ಆಕೆಯನ್ನು ಕಾಡುವುದು ಬೇಕು. ಹೊರಗೆ ಉಳಿಸುವುದು ಬೇಡ.

ಯಂತ್ರದ ಬಳಿ ಹಾಗೆ ಉಸುರುವವರಿಲ್ಲ. ಪದಗಳನ್ನು ಮುಂಚೆಯೇ ತುಂಬಿಡಬೇಕು. ಹರಿವಿ, ತತ್ರಾಣಿ, ಪಡಸಾಲೆಗಳ ಹೆಸರು ಬಲ್ಲ ಅಜ್ಜಿಯಂದಿರು ಇನ್ನೂ ಈ ಊರುಗಳಲ್ಲಿದ್ದಾರೆ. ಅವರ ಮೊಮ್ಮಕ್ಕಳು ಗಣಕ ಕಲಿಯುತ್ತಿದ್ದಾರೆ. ಇಬ್ಬರೂ ಒಂದು ಸಂಜೆ ಜೊತೆಗೆ ಕುಳಿತರೆ ಆಟದ ಅರ್ಧ ಕೆಲಸ ಮುಗಿದಂತೆ. ಗಣಕದ ಅಕ್ಷರಫಲಕಕ್ಕೆ ಕನ್ನಡಿಗರು ‘ಕೀಲಿಮಣೆ’ ಎಂದೇ ಹೆಸರಿಟ್ಟಿದ್ದಾರೆ. ಆ ಮಣೆಯಿಂದ ತೆರೆಯುವ ಬಾಗಿಲಿಗೆ ‘ಕೀಲಿ’ ಎಂಬ ಮಾತೇ ತಿಳಿಯದಿದ್ದರೆ ಹೇಗೆ?