ಹಾಸ್ಟೆಲ್ ಸಿಗದಿದ್ದರೆ ರೂಮಿನ ಬಾಡಿಗೆ ಯಾರು ಕೊಡ್ತಾರೆ?



“ಮಗಳಿಗೆ ಧಾರವಾಡದಾಗ ಕಾಲೇಜ ಸಿಕ್ತರೀ, ಹಾಸ್ಟೆಲ್ ಸಿಗಲಿಲ್ಲ. ಬಾಡಿಗಿ ಎಲ್ಲಿಂದ ತರೂದು?” ನವಲಗುಂದ, ಕುಂದಗೋಳ ಕಡೆಯ ಎಷ್ಟೋ ತಾಯಂದಿರ ಚಿಂತೆ ಇದು. ಇಷ್ಟಕ್ಕೇ ಮಗಳ ಓದು ನಿಲ್ಲಬಾರದು.

ಇಂಥವರಿಗಾಗಿ ಕರ್ನಾಟಕ ಸರಕಾರ 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆ ತಂದಿತು. ಮೆಟ್ರಿಕ್ ನಂತರ ಓದುವ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಬಡ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂ.ನಂತೆ 10 ತಿಂಗಳಿಗೆ 15,000 ರೂ. ಎಂದು ಆಗ ಗೊತ್ತುಮಾಡಲಾಯಿತು. ಮುಂದೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೂ ಈ ನೆರವು ಬಂತು.

ಅಮೆರಿಕದಲ್ಲಿ 1974ರ ಕಾನೂನಿನಂತೆ ಬಡವರ ಬಾಡಿಗೆಯ ಒಂದು ಪಾಲನ್ನು ಸರಕಾರ ನೇರವಾಗಿ ಮನೆ ಮಾಲೀಕರಿಗೇ ಕೊಡುತ್ತದೆ. ವಿದ್ಯಾಸಿರಿಯಲ್ಲಿ ಹಾಗಲ್ಲ. ಹಣ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಬಾಡಿಗೆ ನಾವೇ ಕಟ್ಟಬೇಕು. ಮಂಜೂರಾತಿ ತಡವಾದರೂ ಮಾಲೀಕರು ಕಾಯೋದಿಲ್ಲ.

ಆದ್ದರಿಂದ ಇವನ್ನು ನೆನಪಿಡಿ:

• ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಅಲ್ಲಿ ಸಿಗದಿದ್ದರೆ ವಿದ್ಯಾಸಿರಿ.
• ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ.
• ಅರ್ಜಿ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ. ಈ ವರ್ಷದ ಮೊತ್ತ, ಕೊನೆಯ ದಿನಾಂಕವನ್ನು ತಾಲ್ಲೂಕಿನ ಇಲಾಖೆ ಕಚೇರಿಯಲ್ಲಿ ಕೇಳಿ.
• ಬಾಡಿಗೆ, ಮುಂಗಡ ಕೊಟ್ಟಾಗ ರಸೀದಿ ಪಡೆಯಿರಿ.

ಹಣ ಬರುವ ತನಕ ಏನು ಮಾಡೋದು? ಬಡ್ಡಿ ಸಾಹುಕಾರರ ಬಾಗಿಲಿಗೆ ಹೋಗಬೇಡಿ. ಸಂಘದ ಒಳಸಾಲ ಇರುವುದೇ ಇಂಥ ಹೊತ್ತಿಗೆ. ನೆರವು ಬಂದ ಕೂಡಲೇ ಸಾಲ ತೀರಿಸಿ. ಮುಂದಿನ ವರ್ಷ ಇನ್ನೊಬ್ಬಳ ಮಗಳಿಗೆ ಅದು ಆಸರೆಯಾಗಲಿ. ಬರುವ ವಾರದ ಸಭೆಯಲ್ಲಿ ಈ ಮಾತು ಎತ್ತುತ್ತೀರಲ್ಲ?