ಬುಗುಲಾ ನೆರಿಟಿನಾ: ಕಡಲೊಳಗಿನ ಸಹಜೀವನ

ಬಂದರಿನ ಕಂಬಗಳಿಗೂ ಹಡಗುಗಳ ತಳಕ್ಕೂ ಅಂಟಿ ಬೆಳೆಯುವ, ಕಂದುಗೆಂಪಿನ ಪಾಚಿಯಂತೆ ತೋರುವ ಬುಗುಲಾ ನೆರಿಟಿನಾ ಸಸ್ಯವಲ್ಲ. ಬ್ರಯೋಜೋವಾ ವಂಶದ ಪ್ರಾಣಿಸಮೂಹ. ಬೆಚ್ಚನೆಯ ಕಡಲುಗಳ ತೀರವೇ ಇದರ ನೆಲೆ. ಮಿಲಿಮೀಟರಿನಷ್ಟೂ ಉದ್ದವಿಲ್ಲದ ಒಂದೊಂದು ಜೀವಿಗೂ ಪ್ರತ್ಯೇಕ ಕೋಣೆಯುಂಟು. ನವುರಾದ ಎಳೆಗಳನ್ನು ಹೊರಚಾಚಿ ಅದು ನೀರಿನ ಸೂಕ್ಷ್ಮಸಸ್ಯಗಳನ್ನು ಸೆಳೆದುಣ್ಣುತ್ತದೆ. ಉಂಡುದರ ಸಾರವು ನೆರೆಯ ಕೋಣೆಗಳಿಗೂ ಹರಿಯುತ್ತದೆ.

ಇದರ ಡಿಂಭಗಳು ನಿಧಾನವಾಗಿ ಈಜತಕ್ಕವು. ಮೀನಿಗೆ ಸುಲಭವಾದ ತುತ್ತು. ಆದರೂ ಬಾಯಿಗೆ ಬಂದುದನ್ನು ಮೀನು ಉಗುಳಿಬಿಡುತ್ತದೆ. ಡಿಂಭದೊಡನೆ ಬಾಳುವ ಬ್ಯಾಕ್ಟೀರಿಯವು ನಿರ್ಮಿಸುವ ಬ್ರಯೋಸ್ಟಾಟಿನ್ ಎಂಬ ಅರುಚಿಯ ದ್ರವ್ಯವೇ ಅದಕ್ಕೆ ಕಾರಣ. 1982ರಲ್ಲಿ ಅಮೆರಿಕದ ಜಾರ್ಜ್ ಪೆಟಿಟ್ ಮತ್ತು ಸಂಗಡಿಗರು ಅದರ ರಚನೆಯನ್ನು ಪ್ರಕಟಿಸಿದರು. ಬಳಿಕ ಕ್ಯಾನ್ಸರ್ ಚಿಕಿತ್ಸೆಗಾಗಿಯೂ ಅದನ್ನು ಪರೀಕ್ಷಿಸಲಾಯಿತು. ಹಡಗಿನಿಂದ ಕೆರೆದೆಸೆಯುವ ಕೊಳೆಯಲ್ಲಿ, ಆಶ್ರಯವಿತ್ತವರ ಸಂತತಿಯನ್ನು ಕಾಯುವ ಅತಿಥಿಯೊಂದು ನೆಲೆಸಿದೆ.